ಕಾಲುವೆ ದಂಡೆಯ ಪ್ರಶ್ನೆ

ಬಸ್ಸಿನ ಹಿಂದೆ ಬರುತ್ತಿದ್ದ ಬೈಕು ಗಂಡನದೇ. ಯಂಕಮ್ಮ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಸೀಟಿನಲ್ಲಿ ಕುಗ್ಗಿದಳು. ಹರಿದ ಸೀಟಿಗೆ ಯೂರಿಯಾ ಚೀಲ ಸುತ್ತಿದ ಬೈಕು ಜವಳಗೇರಾದಲ್ಲಿ ಇನ್ನೊಂದಿಲ್ಲ.

ಸಿಂಧನೂರು ಬಂತು. ಬೈಕು ಮುಂದೆ ಹೋಗುವವರೆಗೂ ಅವಳು ಇಳಿಯಲಿಲ್ಲ. ಗಂಡ ದುರುಗೇಶ ತಲೆ ಎತ್ತದೆ, ಮಸ್ಕಿಯ ಮೇಲೆ ಹಾದುಹೋಗುವ ಲಿಂಗಸುಗೂರು ರಸ್ತೆ ಹಿಡಿದ. ಟ್ರ್ಯಾಕ್ಟರ್ ಸಾಮಾನು ತರಬೇಕು, ಲಿಂಗಸುಗೂರಿನ ಮೌಲಾಹುಸೇನನ ಗ್ಯಾರೇಜಿಗೆ ಹೋಗುತ್ತೇನೆ ಎಂದಿದ್ದ. ಈಚೆಗೆ ಪ್ರತಿ ಭಾನುವಾರವೂ ಅದೇ ಮಾತು. ಸಾಮಾನು ಬರೀ ನೆಪ, ತನ್ನ ಹಿಂದೆ ಬೀಳಲಿಕ್ಕೇ ಹೊರಡುತ್ತಾನೆ ಎಂದು ಅವಳ ಅನುಮಾನ.

ಅವಳದೂ ನೆಪವೇ. ತಂಗಿಯ ಮನೆಗೆಂದು ಹೊರಟವಳು ಪ್ರತಿ ಭಾನುವಾರ ಕೂರುತ್ತಿದ್ದುದು ಸಿಂಧನೂರಿನ ತಗಡಿನ ಶೆಡ್ಡಿನ ಪ್ರಾರ್ಥನಾ ಸಭೆಯಲ್ಲಿ. ಕಾಯಿಲೆ ಬಿದ್ದಾಗ ಶಾಂತಮ್ಮ ಎನ್ನುವವಳು ಕರೆದೊಯ್ದಿದ್ದಳು. ಕಾಯಿಲೆ ಹೋದರೂ ಯಂಕಮ್ಮ ಹೋಗುವುದು ನಿಲ್ಲಿಸಲಿಲ್ಲ.

ಮನೆಯಲ್ಲಿ ತಿಳಿದರೆ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಹಿಂದೊಮ್ಮೆ ಪ್ರಾರ್ಥನೆ ಮಾಡುತ್ತೇವೆಂದು ಬಂದ ಹೆಂಗಸರನ್ನು ದುರುಗೇಶ ಬಾರಕೋಲು ಹಿಡಿದು ಅಟ್ಟಿದ್ದ. "ಈ ಮನ್ಯಾಗ ಯೇಸು ಅಂದವರು ಯಾರ ಇರಲಿ, ಹೊರಗ ಹಾಕ್ತೀನಿ," ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ್ದ. ಆಗ ಅವನು ಕುಡಿಯುತ್ತಿದ್ದ. ಈಗ ಬಿಟ್ಟಿದ್ದಾನೆ. ಅವಳಿಗೆ ಅದೂ ಭಯವೇ. ಕುಡಿದವನ ಕಣ್ಣು ತಪ್ಪಿಸುವುದು ಸುಲಭವಿತ್ತು.

ಹೋದ ಮಂಗಳವಾರ ಅತ್ತೆ ಹುಲಿಗೆಮ್ಮನ ಗುಡಿಯಿಂದ ಪ್ರಸಾದ ತಂದು ಮಗನಿಗೂ ಸೊಸೆಗೂ ಕೊಟ್ಟಿದ್ದಳು. ಯಂಕಮ್ಮ ತನ್ನ ಪಾಲನ್ನು ಹಿತ್ತಲಲ್ಲಿ ಕೋಳಿಗಳಿಗೆ ಚೆಲ್ಲಿದಳು. ತಿರುಗಿದರೆ ದುರುಗೇಶ ಎಮ್ಮೆಯ ಪಕ್ಕ ನಿಂತಿದ್ದ, ಕೈ ಖಾಲಿ. ಎಮ್ಮೆ ಮೂತಿ ನೆಕ್ಕಿಕೊಳ್ಳುತ್ತಿತ್ತು.

"ಕೋಳಿಗೆ ಹಾಕಿದೇನು?"

"ಕೈ ತಪ್ಪಿ ಬಿತ್ರೀ."

"ಬೀಳ್ತಾವ, ಬೀಳ್ತಾವ," ಎಂದ. ಬೈಯಲಿಲ್ಲ. ಬೈಯದೆ ಹೋದದ್ದೇ ಅವಳ ನಿದ್ದೆ ಕೆಡಿಸಿತು.

ನಿನ್ನೆ ಅವಳು ರೊಟ್ಟಿ ಬಡಿಯುವಾಗ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ. "ಯಂಕಿ, ಒಂದ ಮನ್ಯಾಗ ಇದ್ದು ಮುಚ್ಚಿಟ್ಕೊಂಡು ಎಷ್ಟು ದಿನ ಇರಾಕ ಆಗತೈತಿ?"

ಅವಳು ರೊಟ್ಟಿ ಬಡಿಯುವುದು ನಿಲ್ಲಿಸಿದಳು. "ಏನು ಮುಚ್ಚಿಡೋದ್ರೀ?"

ಒಳಗಿನಿಂದ ಅತ್ತೆ ಕೂಗಿದಳು: "ರೊಟ್ಟಿ ಹೊತ್ತಾಕತ್ತೈತಿ, ಮೊದಲ ಅದನ್ನ ನೋಡ್ರಿ. ಗಂಡ ಹೆಂಡ್ತಿ ಆಮ್ಯಾಲೆ ಬಡದಾಡ್ರಿ!"

ಅವನು ಎದ್ದು ಹೋದ. ಅವನಿಗೆ ಗೊತ್ತಾಗಿದೆ ಎಂದುಕೊಂಡಳು.

ಇವತ್ತು ಅವಳ ದೀಕ್ಷಾಸ್ನಾನ. ಪಾಸ್ಟರ್ ದೇವದಾನಪ್ಪನವರದು ಒಂದೇ ಕಟ್ಟಳೆ. ಮನೆಯವರಿಗೆ ನಿಜ ಹೇಳದವರು ನೀರಿಗೆ ಇಳಿಯುವಂತಿಲ್ಲ. ದಂಡೆಯ ಮೇಲೆ ಒಬ್ಬೊಬ್ಬರನ್ನೂ ಎಲ್ಲರ ಮುಂದೆ ಕೇಳುತ್ತಾರೆ. ಹೋದ ವಾರ ಒಮ್ಮೆ ಕೇಳಿಯೂ ಇದ್ದರು.

"ಗಂಡಗ ಹೇಳೀಯೇನವ್ವಾ?"

"ಹೇಳೀನ್ರೀ. ಹೂಂ ಅಂದಾರ."

ಅಂದಿನಿಂದ ಆ ಮಾತು ಗಂಟಲಲ್ಲೇ ಕೂತಿತ್ತು. ಅನ್ನ ಇಳಿಯುತ್ತಿತ್ತು, ಅದು ಇಳಿಯುತ್ತಿರಲಿಲ್ಲ.

ಸಭೆಯವರೆಲ್ಲ ಟೆಂಪೊ ಹತ್ತಿ ಊರಾಚೆಯ ಕಾಲುವೆಗೆ ಹೊರಟರು. ದಾರಿಯಲ್ಲಿ ಶಾಂತಮ್ಮನ ಬಾಯಿ ನಿಲ್ಲಲಿಲ್ಲ. "ಮಸ್ಕಿ ಸಭೆಯವರೂ ಇಲ್ಲಿಗೇ ಬರ್ತಾರಂತ. ಅವರ ಹಳ್ಳದಾಗ ಎಮ್ಮಿ ಕಾಲು ತೋಯೋವಷ್ಟೂ ನೀರಿಲ್ಲ. ಮನುಷ್ಯಾರು ಎಲ್ಲಿ ಮುಳುಗಬೇಕು?" ಎಲ್ಲರೂ ನಕ್ಕರು. ಯಂಕಮ್ಮ ನಗಲಿಲ್ಲ.

ದಂಡೆಯ ಬೇವಿನ ಮರದ ಕೆಳಗೆ ಒಂದು ಬೈಕು ನಿಂತಿತ್ತು. ಸೀಟಿಗೆ ಯೂರಿಯಾ ಚೀಲ.

ಅವಳು ಶಾಂತಮ್ಮನ ಹಿಂದೆ ಸರಿದಳು. ಬಂದಾನ. ಎಲ್ಲರ ಮುಂದೆ ಜುಟ್ಟು ಹಿಡಿದು ಎಳೆದೊಯ್ಯಲು ಬಂದಾನ. ಸುತ್ತ ನೋಡಿದಳು. ಅವನು ಎಲ್ಲೂ ಕಾಣಲಿಲ್ಲ. ಗಂಡಸರ ಕಡೆಗೂ ಹೆಂಗಸರ ಕಡೆಗೂ ನಡುವೆ ಸೀರೆ ಅಡ್ಡ ಹಿಡಿದಿದ್ದರು. ಆ ಕಡೆ ಮಸ್ಕಿಯವರ ಹಾಡು ಜೋರಾಗಿತ್ತು.

ಓಡಿಬಿಡಬಹುದಿತ್ತು. ಟೆಂಪೊ ಅಲ್ಲೇ ಇತ್ತು. ಆದರೆ ಅವನು ಬಂದು ಕೂಗಾಡುವಾಗ ತನ್ನ ಸುಳ್ಳೂ ಅವನ ಬಾಯಿಂದಲೇ ಹೊರಬೀಳಬೇಕೇ? ದೀಕ್ಷಾಸ್ನಾನಕ್ಕೆಂದು ಉಟ್ಟಿದ್ದ ಬಿಳಿ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನೇರವಾಗಿ ಪಾಸ್ಟರ್ ಬಳಿ ಹೋದಳು. ದನಿ ತಗ್ಗಿಸಿದಳು.

"ಅಯ್ಯಗಾರೇ, ನಾ ಸುಳ್ಳು ಹೇಳಿದ್ದೆ. ಅವರಿಗೆ ಹೇಳಿಲ್ರೀ."

ಪಾಸ್ಟರ್ ಬೈಯಲಿಲ್ಲ. ಅವಳನ್ನೇ ನೋಡಿದರು. "ಸುಳ್ಳು ಇಟ್ಕೊಂಡು ಇಳಿದ್ರ ಮೈ ತೊಯ್ಯತೈತಿ, ಅಷ್ಟ. ಇವತ್ತು ಬ್ಯಾಡವ್ವ. ಮೊದಲ ಗಂಡಗ ಹೇಳು. ನೀರು ಎಲ್ಲಿಗೂ ಹೋಗಂಗಿಲ್ಲ."

"ಕಾಲುವಿ ನೀರು ಹೋಗತೈತಿ ಬಿಡ್ರಿ, ಬ್ಯಾಸಿಗ್ಯಾಗ ಬಂದ್ ಮಾಡ್ತಾರ," ಎಂದು ಶಾಂತಮ್ಮ ಗೊಣಗಿದಳು.

ಯಂಕಮ್ಮ ಸಾಲಿನಿಂದ ಹೊರಬಂದಳು. ಕಣ್ಣು ತುಂಬಿತ್ತು, ಗಂಟಲು ಹಗುರಾಗಿತ್ತು. ಸುಮ್ಮನೆ ನಿಲ್ಲಲಾರದೆ, ದಣಿದ ಒಬ್ಬಳ ಕೈಯಿಂದ ಅಡ್ಡಸೀರೆಯ ತುದಿ ತೆಗೆದುಕೊಂಡು ತಾನೇ ಹಿಡಿದಳು. ಅವನು ಬರಲಿ. ಕೇಳಲಿ. ಹೇಳಿಬಿಡುತ್ತೇನೆ.

ಆ ಕಡೆ ಹಾಡು ನಿಂತಿತು. ಮಸ್ಕಿಯ ಗಂಡಸರ ಸರದಿ ಶುರುವಾಯಿತು. ಅವರ ಸಭೆಯಲ್ಲೂ ಅದೇ ಕಟ್ಟಳೆ ಇದ್ದಂತಿತ್ತು. ಅವರ ಪಾಸ್ಟರ್ ಗಟ್ಟಿಯಾಗಿ ಕೇಳಿದರು:

"ಹೆಂಡ್ತಿಗೆ ನಿಜ ಹೇಳೀಯೇನಪ್ಪಾ?"

"ಹೇಳೀನ್ರೀ. ಹೂಂ ಅಂದಾಳ," ಎಂದಿತು ಸೀರೆಯ ಆಚೆಯಿಂದ ದುರುಗೇಶನ ದನಿ.