ಎಂಬತ್ತೆಂಟು ಹನಿ

"ಪಿಯಾನೋಗೇನೂ ಆಗಿಲ್ಲಪ್ಪ, ನನ್ನ ಕೈಯಲ್ಲೇ ಕಸುವಿಲ್ಲ," ಎಂದರು ಸಂಗೀತದ ಟೀಚರ್, ಪಿಯಾನೋ ರಿಪೇರಿಯವನಿಗೆ. "ಸೋಮವಾರ ಶಾಲೆಯವರು ಬಂದು ಒಯ್ತಾರೆ. ಮಕ್ಕಳು ನುಡಿಸೋದು, ಒಂದ್ಸಲ ನೋಡ್ಬಿಡು."

ಮೂವತ್ತೆಂಟು ವರ್ಷ ಹೇಳಿದಂತೆ ಕೇಳಿದ್ದ ಪಿಯಾನೋ ಆರು ತಿಂಗಳಿಂದ ಮೊಂಡು ಹಿಡಿದಿತ್ತು. ಒಂದೊಂದು ಕೀ ಒತ್ತುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ವಯಸ್ಸಾಯಿತು ಎಂದು ತಾವೇ ತೀರ್ಮಾನಿಸಿದ ಟೀಚರ್ ಶಿಷ್ಯರನ್ನೆಲ್ಲ ಬೇರೆಯವರ ಬಳಿ ಕಳಿಸಿದ್ದರು. ದಿನಾ ಸಂಜೆ ಅವರ ಯಜಮಾನರು ಪಕ್ಕದಲ್ಲಿ ಕೂತು ಒಂದೊಂದೇ ಬೆರಳು ನೀವುತ್ತಿದ್ದರು. ಜನ್ಮವಿಡೀ ಹೊಲಿಗೆ ಮಿಷನ್ ರಿಪೇರಿ ಮಾಡಿದವರು, ಮಾತು ಕಡಿಮೆ.

ರಿಪೇರಿಯವನು ಕೀ ತುದಿಯ ಮೇಲೆ ಪುಟ್ಟ ಪುಟ್ಟ ತೂಕದ ಬಟ್ಟುಗಳನ್ನು ಪೇರಿಸಿದ. ಐವತ್ತು ಗ್ರಾಮಿಗೆ ಇಳಿಯಬೇಕಾದ ಕೀ ಎಂಬತ್ತಕ್ಕೂ ಜಗ್ಗಲಿಲ್ಲ.

"ಅಮ್ಮಾ, ಈ ಬಟ್ಟುಗಳಿಗೂ ವಯಸ್ಸಾಯ್ತಾ? ನಿಮ್ಮ ಕೈ ಚೆನ್ನಾಗೇ ಇದೆ."

ಟೀಚರ್ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

ಅವನು ಒಳಗಿನ ಚೌಕಟ್ಟನ್ನು ಇಡಿಯಾಗಿ ಹೊರಗೆಳೆದು ಮೇಜಿನ ಮೇಲಿಟ್ಟ. ತಂತಿಗೆ ಬಡಿಯುವ ಸುತ್ತಿಗೆಯೊಂದನ್ನು ಬಿಚ್ಚಿ ತೂಗಿಬಿಟ್ಟ. ಐದಾರು ಸಲ ಓಲಾಡಬೇಕಾದದ್ದು ಒಂದಕ್ಕೇ ನಿಂತಿತು. ಅದು ತಿರುಗುವ ಕೀಲನ್ನು ಮೂಸಿದ.

"ಮಿಷನ್ ಎಣ್ಣೆ! ಕೀಲಿನೊಳಗೆ ಉಣ್ಣೆ ಬಟ್ಟೆ ಇರುತ್ತಮ್ಮಾ. ಎಣ್ಣೆ ಕುಡಿದು ಊದ್ಕೊಂಡು ಬಿಗಿಯಾಗಿದೆ. ಒಂದಲ್ಲ ಎರಡಲ್ಲ, ಎಂಬತ್ತೆಂಟು ಕೀಗಳ ಕೀಲಿಗೂ ಬಿಟ್ಟಿದ್ದಾರೆ. ಯಾರದು ಈ ಘನಕಾರ್ಯ?"

ಬಾಗಿಲ ಬಳಿ ನಿಂತಿದ್ದ ಯಜಮಾನರ ಮುಖ ಸಣ್ಣಗಾಯಿತು. "ನಾನೇ. ಆರು ತಿಂಗಳ ಹಿಂದೆ, ಅವಳು ಅಕ್ಕನ ಮನೆಗೆ ಹೋಗಿದ್ದಾಗ. ಎಲ್ಲೋ ಕಿರ್ ಅಂತಿದೆ ಅಂದಿದ್ಲು... ಒಂದೊಂದಕ್ಕೆ ಒಂದೇ ಹನಿ ಬಿಟ್ಟೆ."

ಟೀಚರಿಗೆ ಸಿಟ್ಟು ನೆತ್ತಿಗೇರಿತು. ಎದ್ದು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ದಡಬಡ ಕುಕ್ಕಿದರು.

ಮಧ್ಯಾಹ್ನದ ಹೊತ್ತಿಗೆ ಎಂಟು ಕೀಲುಗಳಿಗೆ ಹೊಸ ಬಟ್ಟೆ ಬಿದ್ದಿತ್ತು. "ಈ ಎಂಟನ್ನ ಮಾತ್ರ ನುಡಿಸಿ ನೋಡಿ," ಎಂದ ರಿಪೇರಿಯವನು, ಚೌಕಟ್ಟನ್ನು ಮತ್ತೆ ಒಳಗೆ ಕೂರಿಸಿ. ಬೆರಳುಗಳು ಸರಸರನೆ ಓಡಿದವು, ಹಿಂದಕ್ಕೂ ಓಡಿ ಬಂದವು. ಟೀಚರ್ ನಕ್ಕರು, ಅತ್ತರು, ಮತ್ತೆ ನುಡಿಸಿದರು.

"ಉಳಿದದ್ದಕ್ಕೆ ಎರಡು ವಾರ ಬೇಕು. ಸೋಮವಾರ ಶಾಲೆಯವರು ಬಂದ್ರೆ?"

"ಬರೋದು ಬೇಡ ಅಂತ ಈಗಲೇ ಹೇಳ್ತೀನಿ."

ಅಂದು ಸಂಜೆ ಯಜಮಾನರು ಪಕ್ಕಕ್ಕೆ ಬರಲಿಲ್ಲ. ಎಣ್ಣೆ ಡಬ್ಬಿಯನ್ನು ಕೈಯಲ್ಲಿ ಹಿಡಿದು ಕಿಟಕಿಯ ಬಳಿ ಕೂತಿದ್ದರು.

"ನಿನ್ನ ಕೈಗೆ ಏನೂ ಆಗಿಲ್ವಲ್ಲ, ಇನ್ನು ನೀವೋದು ಯಾಕೆ?" ಎಂದರು ತಲೆ ಎತ್ತದೆ.

ಟೀಚರ್ ಎದುರಿಗೆ ಹೋಗಿ ಕೂತು, ಹತ್ತೂ ಬೆರಳನ್ನು ಅವರ ಮುಂದೆ ಚಾಚಿದರು.

"ರೀ, ಇನ್ಮೇಲೆ ಎಣ್ಣೆ ಹಾಕೋದಿದ್ರೆ ಇಲ್ಲಿಗೆ ಹಾಕಿ."