ಇಶಿಮೊರಿ ಸಾನ್ ತಲೆಗೆ ಬಿದ್ದ ಪೆಟ್ಟು

"ನನ್ನ ತಲೆಗೆ ಪೆಟ್ಟೇ ಬಿದ್ದಿಲ್ಲ, ಎಲ್ಲಾ ನಮ್ಮ ತಂಡದವರ ದಯೆ," ಎಂದು ಇಶಿಮೊರಿ ಸಾನ್ ಮೂರನೆಯ ಸಲ ಬಾಗಿ ನಮಸ್ಕರಿಸಿದಾಗ ಪ್ರಣತಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಜಪಾನಿನಲ್ಲಿ, ಮೈಗೆ ಮೈ ಗುದ್ದಿ ಎದುರಾಳಿಯನ್ನು ಕೆಡವುವ ಅಮೆರಿಕನ್ ಫುಟ್‌ಬಾಲ್ ಆಡಿದ ಮೊದಮೊದಲಿಗರಲ್ಲಿ ಅವಳಿಗೆ ಸಿಕ್ಕವರು ಈ ತೊಂಬತ್ತೆರಡರ ಅಜ್ಜ ಒಬ್ಬರೇ. ಮಿದುಳಿನ ಮೇಲಿನ ಅವಳ ಪಿಎಚ್‌.ಡಿ.ಗೆ ಬೇಕಾದದ್ದು ಒಂದೇ ಒಂದು ಸಂಖ್ಯೆ: ಆಟದಲ್ಲಿ ಅವರ ತಲೆಗೆ ಬಿದ್ದ ಪೆಟ್ಟುಗಳೆಷ್ಟು.

"ಈ ವಿನಯಕ್ಕಿಷ್ಟು ಬೆಂಕಿ ಹಾಕ!" ಎಂದು ಕನ್ನಡದಲ್ಲಿ ಗೊಣಗಿ, ಜಪಾನಿಯಲ್ಲಿ ಕೇಳಿದಳು: "ಹೋಗ್ಲಿ, ನೀವು ಗುದ್ದಿ ಎಷ್ಟು ಜನ ಬಿದ್ರು?"

ಅವರ ಮುಖ ಬಾಡಿತು. ತೊಡೆಯ ಮೇಲಿದ್ದ ಹಳೆಯ ಚರ್ಮದ ಹೆಲ್ಮೆಟ್ಟನ್ನು ಸವರುತ್ತ ಒಂದೊಂದೇ ಹೆಸರು ಹೇಳಿ ಮುಗಿಸಿದರು. "ಹದಿನೇಳು ಜನ. ಸುಮಿಮಾಸೆನ್, ಕ್ಷಮಿಸಿ."

"ಯಾವುದ್ರಿಂದ ಗುದ್ದಿದ್ರಿ?"

ಇಶಿಮೊರಿ ಸಾನ್ ತಪ್ಪೊಪ್ಪಿಕೊಳ್ಳುವವರಂತೆ ತಮ್ಮ ಹಣೆ ಮುಟ್ಟಿ ತೋರಿಸಿದರು. 'ತಲೆಗೆ ಬಿದ್ದ ಪೆಟ್ಟು' ಎಂಬ ಖಾಲಿ ಅಂಕಣದಲ್ಲಿ ಪ್ರಣತಿ ಹದಿನೇಳು ಎಂದು ಬರೆದಳು.