ಗುಂಡಿಗೆ ಬಿದ್ದ ಮೋಡೆಮ್

ಮ್ಯಾನ್‌ಹೋಲಿನ ಮುಚ್ಚಳ ತೆಗೆದಿತ್ತು. ಪಕ್ಕದಲ್ಲಿ, ಫೋಟೋಗೆಂದೇ ತರಿಸಿದ, ಹೊಲಸು ಹೀರುವ ಯಂತ್ರದ ಲಾರಿ ಮಿರಿಮಿರಿ ಹೊಳೆಯುತ್ತಾ ಸುಮ್ಮನೆ ನಿಂತಿತ್ತು. ಫೋಟೋ, ಸ್ವಚ್ಛತೆಯ ಫಾರಂ ಎರಡನ್ನೂ ಆಫೀಸಿನ ಆ್ಯಪ್‌ನಲ್ಲಿ ಸ್ಥಳದಿಂದಲೇ ಕಳಿಸಬೇಕು. ಟ್ಯಾಬ್ ಹಿಡಿದ ಆಪರೇಟರ್ ನಾನು. ಇಂಜಿನಿಯರ್ ಸಾಹೇಬರು ಒಂದು ಕೈಯಲ್ಲಿ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಸೋಪಿನಷ್ಟಿದ್ದ ಮೋಡೆಮನ್ನು ಎತ್ತಿ ಹಿಡಿದು ಸಿಗ್ನಲ್ ಹುಡುಕುತ್ತಿದ್ದರು.

ಅದು ಜಾರಿ ಗುಂಡಿಯೊಳಗೆ ಬಿತ್ತು. ಬಗ್ಗಿ ನೋಡಿದೆ. ಹೊಲಸಿಗಿಂತ ಗೇಣು ಮೇಲೆ, ಗೋಡೆಯಿಂದ ಚಾಚಿದ ಇಟ್ಟಿಗೆಯ ಮೇಲೆ ಕೂತು ಹಸಿರು ದೀಪ ಮಿಣುಕಿಸುತ್ತಿತ್ತು.

"ನನ್ನ ಫೋನಿಂದ ಹಾಟ್‌ಸ್ಪಾಟ್ ಕೊಡ್ತೀನಿ ಸರ್," ಎಂದೆ.

"ಆಫೀಸ್ ಸಿಮ್ ಇರೋದು ಅದ್ರಲ್ಲೇ ಕಣಮ್ಮ. ಬೇರೆ ನೆಟ್‌ನಲ್ಲಿ ಈ ಆ್ಯಪ್ ಓಪನ್ ಆಗಲ್ಲ." ಸಾಹೇಬರು ಪೌರಕಾರ್ಮಿಕನತ್ತ ತಿರುಗಿದರು. "ಓಬಳೇಶ, ಇಳಿಯೋ."

"ಒಳ್ಗೆ ಗಾಳಿ ಇರಲ್ಲ ಸಾ."

"ಎರಡೇ ನಿಮಿಷ. ಉಸಿರು ಹಿಡ್ಕೊ."

ಅವನು ಅಂಗಿ ಬಿಚ್ಚಿಟ್ಟು ಇಳಿದ. ತೊಡೆವರೆಗೂ ಹೊಲಸು ಮೆತ್ತಿಕೊಂಡು, ಕೆಮ್ಮುತ್ತಾ ಮೇಲೆ ಬಂದು ಮೋಡೆಮ್ ಚಾಚಿದ. ಸಾಹೇಬರು ಹಿಂದೆ ಹಾರಿದರು.

"ಥೂ! ಕೈಗೇ ಕೊಡೋಕೆ ಬರ್ತಾನೆ ನೋಡು. ಅಲ್ಲೇ ಇಡೋ!"

ನಾನೇ ಮೋಡೆಮ್ ಈಸಿಕೊಂಡು ವೇಲಿನಿಂದ ಒರೆಸಿದೆ. ಟ್ಯಾಬಿನಲ್ಲಿ ಮೂರು ಕಡ್ಡಿ ಮೂಡಿದವು. ಫೋಟೋ ಹೋಯಿತು. ಫಾರಂನಲ್ಲಿ ಕೊನೆಯ ಪ್ರಶ್ನೆಯೊಂದೇ ಬಾಕಿ. ಓಬಳೇಶ ಇನ್ನೂ ಕೆಮ್ಮುತ್ತಿದ್ದ. ಅವನಿಗೂ ಕೇಳಿಸಲಿ ಎಂದು ಜೋರಾಗಿಯೇ ಓದಿದೆ:

"ಈ ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸಲಾಗಿದೆಯೇ?"

"ಇಲ್ಲ ಅಂತ ಒತ್ತಮ್ಮ, ಸಿಗ್ನಲ್ ಇರೋವಾಗ್ಲೇ."